ಮಳವಳ್ಳಿ ಬಾತ್ಮೀದಾರರಿಂದ

ಗಿರಿಜಾ, ನಿನ್ನ ಅಪ್ಪ ನಂಜುಂಡಯ್ಯ ಮೇಷ್ಟ್ರ ಕೆಲಸ ಹೋದದ್ದು ಅವರು ಬರೆದ ವರದಿಯಿಂದಲ್ಲ. ಅದನ್ನು ಬರೆದವನು ನಾನು. ಬರೆದದ್ದು ನಾನು, ಅವರ ತಲೆಗೆ ಕಟ್ಟಿದ್ದು ನಾನು, ಅವರು ಬಂದು ಕೇಳಿದಾಗ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ.

ಹೋದ ತಿಂಗಳು ನೀನು ಫೋನು ಮಾಡಿದೆ. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಸೇರಿ ಅವರ ನೆನಪಿಗೊಂದು ಪುಸ್ತಕ ತರುತ್ತಿದ್ದಾರೆ, ನೀವೂ ಎರಡು ಪುಟ ಬರೆದುಕೊಡಿ ಅಂದೆ. "ಪೇಪರಿನ ಮೂರ್ತಿಯೋರು ನಮ್ಮೋರು ಕಣಮ್ಮ ಅನ್ನೋರು ಅಪ್ಪ, ಕೊನೇವರೆಗೂ" ಅಂತ ನನ್ನ ಬಗ್ಗೆ ನೀನೇ ಸೇರಿಸಿದೆ. ಆಗಲಿ ತಾಯಿ ಎಂದು ನಾನು ಫೋನು ಇಟ್ಟೆ. ಎರಡು ಸಲ ಬರೆಯಲು ಕೂತೆ. ಸರಳ ಜೀವಿ, ಸಜ್ಜನ, ತುಂಬಲಾರದ ನಷ್ಟ — ಥೂ, ಶ್ರದ್ಧಾಂಜಲಿ ಬರೆದೂ ಬರೆದೂ ನನ್ನ ಕೈ ಕೆಟ್ಟುಹೋಗಿದೆ. ಎರಡನ್ನೂ ಹರಿದು ಹಾಕಿದೆ. ಇದು ಮೂರನೆಯದು.

ಎಪ್ಪತ್ತರ ದಶಕದ ಮಾತು. ನಾನು ಮಂಡ್ಯದ ಒಂದು ದಿನಪತ್ರಿಕೆಯಲ್ಲಿ ರಾಜಕೀಯ ವರದಿಗಾರ. ಆಗ ವರದಿಗಳ ಮೇಲೆ ನಮ್ಮ ಹೆಸರು ಹಾಕುವ ರೂಢಿ ಇರಲಿಲ್ಲ. 'ನಮ್ಮ ಮದ್ದೂರು ಬಾತ್ಮೀದಾರರಿಂದ', 'ನಮ್ಮ ಮಳವಳ್ಳಿ ಬಾತ್ಮೀದಾರರಿಂದ' — ಅಷ್ಟೇ. ಮಳವಳ್ಳಿ ಬಾತ್ಮೀದಾರರು ಎಂದರೆ ನಿನ್ನ ಅಪ್ಪ. ಶಾಲೆಯ ನೋಟ್ ಪುಸ್ತಕದ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಸುದ್ದಿ ಬರೆದು, ಲಕೋಟೆಗೆ ಹಾಕಿ, ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ನಾನು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತ ಕಾದು ಅದನ್ನು ಇಸಿದುಕೊಳ್ಳುತ್ತಿದ್ದೆ. ಕೆರೆ ಕೋಡಿ ಬಿದ್ದದ್ದು, ಮುತ್ತತ್ತಿಯ ಹೊಳೆಯಲ್ಲಿ ಈಜಲು ಹೋದವರು ಮುಳುಗಿದ್ದು, ಹೀಗೆ. ಒಂದು ಸುದ್ದಿಯನ್ನಂತೂ ತಿಂಗಳಿಗೊಮ್ಮೆ ಕಳಿಸುತ್ತಿದ್ದರು: ಶಿವನಸಮುದ್ರದಿಂದ ಹೊರಟ ಕರೆಂಟಿನ ತಂತಿ ನಮ್ಮ ಊರಿನ ತಲೆ ಮೇಲೇ ಹಾದುಹೋಗುತ್ತದೆ, ನಮ್ಮ ಮಕ್ಕಳು ಮಾತ್ರ ಬುಡ್ಡಿ ದೀಪದಲ್ಲಿ ಓದುತ್ತಾರೆ ಎಂದು. ಹಳೇ ರಾಗ ಅಂತ ನಾನು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ.

ರಾಜಕೀಯ ಮಾತ್ರ ಅವರು ಬರೆಯುತ್ತಿರಲಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರು. ಮಳೆ ಬೆಳೆ ಬರೆದರೆ ಮೇಲಿನವರು ನೋಡಿಯೂ ನೋಡದಂತೆ ಇರುತ್ತಿದ್ದರು, ರಾಜಕೀಯ ಬರೆದರೆ ಅನ್ನಕ್ಕೇ ಸಂಚಕಾರ. ನಾನು ಒಂದೆರಡು ಸಲ ಕೆಣಕಿದ್ದೆ. ಅದೊಂದು ಬ್ಯಾಡಿ ಮೂರ್ತಿಯೋರೇ, ಮನೇಲಿ ಮಗು ಅದೆ ಅಂದಿದ್ದರು. ಆ ಮಗು ನೀನು.

ನಮ್ಮ ಕಚೇರಿಯಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಯಾರಾದರೂ ಮುಖಂಡರ ಗುಟ್ಟು ಬರೆಯಬೇಕು, ಅವರ ಸ್ನೇಹವೂ ಉಳಿಯಬೇಕು ಎಂದರೆ ವರದಿಯ ನೆತ್ತಿಯ ಮೇಲೆ ಯಾವುದಾದರೂ ತಾಲ್ಲೂಕಿನ ಬಾತ್ಮೀದಾರರನ್ನು ಕೂರಿಸಿಬಿಡುತ್ತಿದ್ದೆವು. 'ತಾಲ್ಲೂಕಿನ ಅಂಗಿ ತೊಡಿಸು' ಅನ್ನುತ್ತಿದ್ದೆವು ಅದಕ್ಕೆ. ನಗುನಗುತ್ತಲೇ ಮಾಡುತ್ತಿದ್ದೆವು. ಆ ಅಂಗಿಯೊಳಗೆ ನಿಜವಾಗಿ ಒಬ್ಬ ಮನುಷ್ಯ ಇದ್ದಾನೆ ಎಂಬುದು — ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ? ಅವರ ಮನೆಯಲ್ಲಿ ಉಂಡಿದ್ದೆನಲ್ಲ.

ಚುನಾವಣೆ ಹತ್ತಿರ ಬಂದಿತ್ತು. ಆ ಕಡೆಗೆ ಒಬ್ಬ ದೊಡ್ಡ ಮುಖಂಡರು, ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಅವರ ಕಾರಿನಲ್ಲಿ ನನಗೆ ಒಂದು ಸೀಟು ಖಾಯಂ. ಒಂದು ಮಧ್ಯಾಹ್ನ ಶಿವನಸಮುದ್ರದ ಬಂಗಲೆಯಲ್ಲಿ ಅವರ ಊಟ. ಎದುರು ಪಕ್ಷದವರು ಇಬ್ಬರು ಬಂದರು, ಮಾತು ಮುಗಿಯಿತು: ಯಜಮಾನರು ಪಕ್ಷ ಬಿಡುವುದು, ಅವರು ಟಿಕೆಟ್ಟು ಕೊಡುವುದು. ನಾನು ಅದೇ ಪಂಕ್ತಿಯಲ್ಲಿ ಕೂತು ಎಲ್ಲ ಕೇಳಿದೆ. ನನ್ನನ್ನು ಅವರು ತಮ್ಮವನೇ ಎಂದುಕೊಂಡಿದ್ದರು. ಅಂದೇ ಸಂಜೆ ಮಳವಳ್ಳಿಯ ಸಭೆಯಲ್ಲಿ ಆ ಮನುಷ್ಯ ಕೈ ಮೇಲೆತ್ತಿ, ಮುತ್ತೆತ್ತಿರಾಯನ ಆಣೆಗೂ ನಾನು ಪಕ್ಷ ಬಿಡೋದಿಲ್ಲ ಅಂದ. ಜನ ಚಪ್ಪಾಳೆ ತಟ್ಟಿದರು. ನನಗೆ ಕೈ ಕಡಿಯಲಾರಂಭಿಸಿತು.

ಬರೆದೆ. ಇವತ್ತಿಗೂ ಹೇಳುತ್ತೇನೆ, ಒಳ್ಳೆಯ ವರದಿ. ಆಣೆ ಇಡುವ ಮೂರು ಗಂಟೆ ಮೊದಲೇ ಆಣೆ ಮುರಿದಿತ್ತು ಎಂದು ಶುರು ಮಾಡಿದೆ. ಓದುವವರ ಕಣ್ಣಿಗೆ ಕಟ್ಟಲಿ ಎಂದು ಎಲೆಗೆ ಬಡಿಸಿದ್ದು ಹಿದುಕಿದ ಬೇಳೆ ಸಾರು ಅಂತಲೂ ಸೇರಿಸಿದೆ — ಅದು ನನ್ನ ಜಂಬ. ಕೊನೆಗೆ, ಕಾರಿನ ಸೀಟು ಕೈ ತಪ್ಪಬಾರದಲ್ಲ, ಮೇಲೆ 'ನಮ್ಮ ಮಳವಳ್ಳಿ ಬಾತ್ಮೀದಾರರಿಂದ' ಎಂದು ಹಾಕಿದೆ. ಹಾಕುವಾಗ ಕೈ ನಡುಗಲಿಲ್ಲ ಗಿರಿಜಾ. ನಡುಗಿತು ಎಂದು ಬರೆಯಬಹುದಿತ್ತು.

ಎರಡು ದಿನ ಕಳೆದು ಯಜಮಾನರ ಕಾರು ಬಂತು. ಮದ್ದೂರಿಗೆ ಹೊರಟೆವು. ಅವರು ಪೇಪರನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡಿದ್ದರು. ಊರು ದಾಟಿದ ಮೇಲೆ ಅದನ್ನು ಬಿಡಿಸಿ ನೋಡಿದರು. ಆಮೇಲೆ ಹೇಳಿದರು:

"ಬಡಿಸ್ದೋನ್ನ ಬುಟ್ರೆ ಸಾರು ಯಾವ್ದು ಅಂತ ಇನ್ಯಾರ್ಗ್ರೀ ಗೊತ್ತಾಯ್ತದೆ? ಆ ಬಂಗ್ಲೆ ಅಡುಗೆಯೋನು ಮೇಷ್ಟ್ರ ಊರೋನೆ. ಅವ್ನು ಬಾಯ್ ಬುಟ್ಟವ್ನೆ, ಮೇಷ್ಟ್ರು ಬರ್ದವ್ನೆ. ಅಂಗೇ ಅಲ್ವಾ?"

"ಇರಬಹುದು" ಅಂದೆ.

ಅಷ್ಟೇ. ಒಂದು ಮಾತು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಅವತ್ತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ನೀಚ ಸಮಾಧಾನ!

ಅಡುಗೆಯವನನ್ನು ಮರುದಿನವೇ ಓಡಿಸಿದರು. ಅವನ ಹೆಸರನ್ನು ಕೂಡ ನಾನು ಕೇಳಲಿಲ್ಲ. ವಾರದೊಳಗೆ ಮೇಷ್ಟ್ರು ಸಸ್ಪೆಂಡ್ ಆದರು. ಸರ್ಕಾರಿ ನೌಕರ ರಾಜಕೀಯ ಬರೆದದ್ದು ಎಂಬ ಆರೋಪ, ವಿಚಾರಣೆ. ಅವರು ಮಂಡ್ಯಕ್ಕೆ ಬಂದರು. ಒಗೆದು ಮಡಿಸಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಮೇಜಿನ ಎದುರು ನಿಂತೇ ಮಾತಾಡಿದರು:

"ಬರ್ದೋರು ಯಾರು ಅಂತ ನಂಗೆ ಬ್ಯಾಡಿ. ನಾನಲ್ಲ ಅಂತ ಎಲ್ಡು ಸಾಲು ಬರ್ಕೊಟ್ಬುಡಿ, ಸಾಕು."

ಸಂಪಾದಕರನ್ನು ಕೇಳಬೇಕು, ಮುಂದಿನ ವಾರ ಬನ್ನಿ ಅಂದೆ. ಕೇಳಲಿಲ್ಲ. ಮುಂದಿನ ವಾರ ಬಂದರು, ಮತ್ತೆ ಮುಂದಿನ ವಾರ ಅಂದೆ. ಅದೇ ದಿನಗಳಲ್ಲಿ ಸಂಪಾದಕರು ನನ್ನ ಬೆನ್ನು ತಟ್ಟಿದ್ದರು, ಇಡೀ ಜಿಲ್ಲೆಯ ರಾಜಕೀಯ ಇನ್ನು ನಿನ್ನದೇ ಅಂದಿದ್ದರು. ಮೂರನೆಯ ಸಲ ಮೇಷ್ಟ್ರ ಛತ್ರಿ ಬೀದಿಯ ತಿರುವಿನಲ್ಲಿ ಕಂಡದ್ದೇ ತಡ, ನಾನು ಎದ್ದು ಹಿಂದಿನ ಅಚ್ಚಿನ ಕೋಣೆಗೆ ಹೋಗಿ ಅಕ್ಷರದ ಮೊಳೆ ಜೋಡಿಸುವವರ ನಡುವೆ ನಿಂತೆ. ಅವರು ಕೇಳಿದ್ದು ಅಲ್ಲಿಂದಲೇ ಕೇಳಿಸಿತು. ಮೂರ್ತಿಯೋರು ಇಲ್ವಾ, ಉಸಾರಿಲ್ವೇನೋ ಪಾಪ ಅಂದರು. ಒಂದು ಲಕೋಟೆ ಇಟ್ಟು ಹೋದರು. ಏನೋ ದೂರು ಇರಬೇಕು ಎಂದು ಹೆದರಿ ಒಡೆದೆ. ಅದೇ ಹಳೇ ಸುದ್ದಿ — ಕರೆಂಟಿನ ತಂತಿ, ಬುಡ್ಡಿ ದೀಪ. ಸಸ್ಪೆಂಡ್ ಆದ ಮೇಷ್ಟ್ರು ತಮ್ಮ ಶಾಲೆಯ ಮಕ್ಕಳ ಸುದ್ದಿ ತಂದಿದ್ದರು. ಅದನ್ನೂ ನಾನು ಹಾಕಲಿಲ್ಲ.

ವಿಚಾರಣೆ ಎಳೆದೂ ಎಳೆದೂ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು. ಯಜಮಾನರ ಕೂದಲೂ ಕೊಂಕಲಿಲ್ಲ. ಪಕ್ಷ ಬಿಟ್ಟರು, ಗೆದ್ದರು. ನಾನು ಅದನ್ನೂ ಸೊಗಸಾಗಿ ಬರೆದೆ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಮದ್ದೂರಿನ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುವವರ ಸಾಲು. ಅದರಲ್ಲಿ ನಿನ್ನ ಅಪ್ಪ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದರು. ತಲೆ ಬೆಳ್ಳಗಾಗಿತ್ತು. ಅವರು ನನ್ನನ್ನು ಮೊದಲು ಕಂಡರು. ತಪ್ಪಿಸಿಕೊಳ್ಳಲು ಅಚ್ಚಿನ ಕೋಣೆ ಇರಲಿಲ್ಲ. ಬನ್ನಿ ಬನ್ನಿ ಎಂದು ಕೂರಿಸಿಕೊಂಡರು, ಎರಡು ಟೀ ಹೇಳಿದರು. ಕೈಯಲ್ಲಿದ್ದ ಪತ್ರವನ್ನು ಮುಗಿಸಿ, ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದು ತಮ್ಮ ಹೆಸರು ಹಾಕಿದರು. ನಾನು ಸುಮ್ಮನಿರಲಾರದೆ ಅದೇನು ಅಂದೆ. ಪತ್ರ ಯಾರದೇ ಆಗಲಿ, ಬರೆದ ಕೈ ಯಾರದು ಅಂತ ಕೊನೆಗೆ ಹೇಳಬೇಕು, ಇಲ್ಲಿ ಅದೇ ಪದ್ಧತಿ ಅಂದರು. ಚುಚ್ಚಿ ಹೇಳಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದರು. ಆಮೇಲೆ ಟೀ ಲೋಟ ನನ್ನ ಕೈಗಿಟ್ಟು, ತಗ್ಗಿದ ದನಿಯಲ್ಲಿ ಅಂದರು:

"ಅಡುಗೆಯೋನು ಅವತ್ತೇ ಏಳ್ದ, ಎಲೆ ಮುಂದೆ ನೀವು ಕೂತಿದ್ರಿ ಅಂತ. ಇಚಾರಣೇಲಿ ಕೇಳುದ್ರು, ನೀನಲ್ದಿದ್ರೆ ಯಾರು ಅಂತ. ನನ್ ಬಾಯಿಂದ ಯಾಕೆ, ನೀವೇ ಬಂದು ಏಳ್ತೀರಿ ಅಂದ್ಕೊಂಡೆ."

ಮೊದಲ ದಿನದಿಂದಲೂ ಗೊತ್ತಿತ್ತು ಅವರಿಗೆ. ಎರಡು ಸಾಲು ಕೇಳಲು ಬಂದಾಗಲೂ ಗೊತ್ತಿತ್ತು. ಬರೆದವರು ಯಾರೆಂದು ನನಗೆ ಬೇಡ ಅಂದದ್ದು ನನ್ನ ಮುಖ ಉಳಿಸಲು. ಮೂರು ಸಲ ಅವರು ಮಂಡ್ಯಕ್ಕೆ ಬಂದದ್ದು ನನಗೊಂದು ಅವಕಾಶ ಕೊಡಲು, ಮತ್ತೆ ನಾನು —

ಆ ಮರದ ಕೆಳಗಾದರೂ ಹೇಳಬಹುದಿತ್ತು. ಅವರು ಕಾಯುತ್ತಿದ್ದರು, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಟೀ ಮುಗಿಸಿ, ಹೊತ್ತಾಯಿತು ಮೇಷ್ಟ್ರೇ, ಸಭೆ ಇದೆ ಅಂದೆ. ಅವರು ಎದ್ದು ನಿಂತು ನಮಸ್ಕಾರ ಮಾಡಿದರು. ಬಸ್ಸಿನಲ್ಲಿ ಮಂಡ್ಯದವರೆಗೂ ಅತ್ತೆ. ಬಸ್ಸಿನಲ್ಲಿ ಅತ್ತರೆ ಯಾರಿಗೇನು ಪ್ರಯೋಜನ.

ಮತ್ತೆ ಅವರನ್ನು ನೋಡಲಿಲ್ಲ. ನೋಡುವ ಧೈರ್ಯ ಮಾಡಲಿಲ್ಲ ಎಂದು ಬರೆಯುವುದು ಸರಿ. ಈಗ ನೀನು ಹೇಳುತ್ತೀಯ, ಮೂರ್ತಿಯೋರು ನಮ್ಮೋರು ಅನ್ನುತ್ತಿದ್ದರು ಅಂತ. ಕೊನೆಯವರೆಗೂ ಕಾದರೇನೋ ಗಿರಿಜಾ, ನಿನ್ನ ಅಪ್ಪ. ನನ್ನ ಎದೆ ಒಡೆದುಹೋಗಿದೆ.

ಇದನ್ನು ಹಾಗೆಯೇ ಪುಸ್ತಕದಲ್ಲಿ ಹಾಕು. ಓದಿದ ಮೇಲೆ ನನ್ನ ಮುಖ ನೋಡಬೇಡ ಅನ್ನಿಸಿದರೆ ಅದೂ ನ್ಯಾಯವೇ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಬೇಕಾದವರು ನನ್ನ ಪಕ್ಕದಲ್ಲೇ ಕೂತಿದ್ದಾಗ ಎದ್ದು ಬಂದವನು ನಾನು. ಒಂದೇ ಒಂದು ಮಾತು ನಡೆಸಿಕೊಡು. ಮೇಲೆ ಯಾವ ಊರಿನ ಬಾತ್ಮೀದಾರರೂ ಬೇಡ. ಕೆಳಗಿನ ಸಾಲನ್ನು ಮಾತ್ರ ಬಿಡದೆ ಅಚ್ಚು ಹಾಕಿಸು.

ಬಿಕ್ಕಲಂ: ವಾಸುದೇವಮೂರ್ತಿ, ಮಂಡ್ಯ.