ಸುದ್ದಿ ಇಲ್ಲ, ಇಳೀಬ್ಯಾಡ್ರಿ

ಸುಮಂಗಲಾಳನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಗಳುವುದಕ್ಕೆ ಅವರ ಗಂಟೇನು ಹೋಗುತ್ತದೆ? ದಡದ ಮೇಲೆ ನಿಂತು ಚಹಾ ಕುಡಿದು, ‘ಎಂಥಾ ಶ್ಯಾಣೇ ಹೆಣ್ಮಗಳು’ ಎಂದು ಬಸ್ಸು ಹತ್ತಿದರೆ ಅವರ ಕೆಲಸ ಮುಗಿಯಿತು. ಅವಳು ಮಾತ್ರ ಗಡ್ಡಿಯಲ್ಲೇ ಉಳಿಯುತ್ತಾಳೆ.

ಗಡ್ಡಿ ಎಂದರೆ ಕೃಷ್ಣೆಯ ನಡುವೆ ಎದ್ದುನಿಂತ ನೆಲ. ಸುರಪುರದ ಕಡೆಯ ನಮ್ಮ ಮೌನಪ್ಪನ ಗಡ್ಡಿಯಲ್ಲಿ ಒಂದಿಷ್ಟು ಮನೆ, ಒಂದಿಷ್ಟು ಹೊಲ, ಐದನೆಯ ತರಗತಿವರೆಗಿನ ಒಂದು ಶಾಲೆ ಇವೆ. ಆ ಶಾಲೆಯ ಟೀಚರು ನಾನು, ದೇವಕಮ್ಮ. ಬೇಸಿಗೆಯಲ್ಲಿ ಬಂಡೆ ತುಳಿದು ನಡೆದೇ ದಾಟುತ್ತೇವೆ. ನೀರು ಮೊಣಕಾಲು ಮೀರಿದರೆ ಹರಿಗೋಲು ಬೇಕು. ಅದಕ್ಕೂ ಮೀರಿದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಮಳೆಗಾಲದಲ್ಲಿ ನಾನು ಬ್ಯಾಗಿನಲ್ಲಿ ಒಂದು ಜೊತೆ ಸೀರೆ, ಬಿ.ಪಿ. ಗುಳಿಗೆ ಇಟ್ಟುಕೊಂಡೇ ಆಚೆ ದಡದ ನನ್ನ ಮನೆ ಬಿಡುತ್ತೇನೆ, ಯಾವಾಗ ಸಿಕ್ಕಿಹಾಕಿಕೊಳ್ಳುತ್ತೇನೋ ಹೇಳಲಾಗದು.

ಸುಮಂಗಲಾ ಬಳಿಚಕ್ರದ ಯಂಕಣ್ಣನ ಮಗಳು. ಮಳೆಯನ್ನೇ ನಂಬಿ ತೊಗರಿ, ಜೋಳ ಬಿತ್ತುವ ಊರು ಅದು. ಅಲ್ಲಿ ನೀರೆಂದರೆ ಕೊಡದಲ್ಲಿ ಬರುವ ವಸ್ತು. ಯಾದಗಿರಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡ ಈ ಹುಡುಗಿಯನ್ನು ಮೀನು ಹಿಡಿಯುವ, ಹರಿಗೋಲು ನಡೆಸುವ ಮರಿಲಿಂಗನಿಗೆ ಕೊಟ್ಟರು. ಬಂದ ಹೊಸದರಲ್ಲಿ ಹೊಳೆಯ ಸದ್ದಿಗೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ.

ಕೆಲವು ವರ್ಷಗಳ ಹಿಂದೆ ಒಂದು ಸೇವಾ ಸಂಸ್ಥೆಯವರು ಬಂದು, ಹೊಳೆಯ ಮೇಲ್ಗಡೆಯ ಬಂಡೆಯೊಂದಕ್ಕೆ ನೀರಿನ ಎತ್ತರ ಅಳೆಯುವ ಯಂತ್ರ ಕಟ್ಟಿ, ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋದರು. ಯಂತ್ರ ಪಾಪ ಅಳೆಯುತ್ತಲೇ ಇತ್ತು, ಕೇಳುವವರು ಇರಲಿಲ್ಲ. ಸುಮಂಗಲಾ ಸುರಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅರುಣಕುಮಾರನನ್ನು ಹಿಡಿದಳು. ಇಬ್ಬರೂ ಸೇರಿ ಒಂದು ವೆಬ್ ಪುಟ ಮಾಡಿದರು. ಯಂತ್ರದ ಅಳತೆ ಅರುಣಕುಮಾರನ ಅಂಗಡಿಯಲ್ಲಿ ಸರ್ವರ್ ಎನ್ನುವ ಕಂಪ್ಯೂಟರಿಗೆ ಬರುತ್ತದೆ, ಅಲ್ಲಿಂದ ಗಡ್ಡಿಯ ಫೋನುಗಳಿಗೆ. ಪುಟವನ್ನು ಒಮ್ಮೆ ತೆರೆದಿಟ್ಟರೆ ಸಾಕು, ನೀರು ಏರಿದಂತೆ ಅಂಕಿ ತಾನಾಗಿ ಏರುತ್ತದೆ. ಸರ್ವರಿಗೂ ಫೋನಿಗೂ ನಡುವೆ ಸದಾ ತೆರೆದಿರುವ ಆ ದಾರಿಗೆ ವೆಬ್‌ಸಾಕೆಟ್ ಎನ್ನುತ್ತಾರೆ. ದಾರಿ ತೆರೆದಿದ್ದರೆ ಪುಟದ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ. ‘ಊರಾಗ ಕರೆಂಟೇ ಇರಂಗಿಲ್ಲ, ಸಾಕೆಟ್ ತಗೊಂಡು ಏನ ಮಾಡ್ತೀಯವ್ವ?’ ಎಂದು ನೆರೆಮನೆಯ ಗುರಪ್ಪಜ್ಜ ಕಾಡುತ್ತಿದ್ದ. ಕಾಡಿದವನೇ ಎಲ್ಲರಿಗಿಂತ ಮೊದಲು ಅದನ್ನು ನಂಬಿದ. ನಂಬಿದ್ದಕ್ಕೆ ಅವನಿಗೆ ಸಿಕ್ಕಿದ್ದು ಮುರಿದ ಕಾಲು.

ಅವತ್ತು ಮರಿಲಿಂಗ, ಅವನ ತಾಯಿ ಮೌನಮ್ಮ, ಗುರಪ್ಪಜ್ಜ ಸಂತೆ ಮುಗಿಸಿ ಆ ಕಡೆಯ ದಡಕ್ಕೆ ಬಂದಿದ್ದರು. ನೀರು ಬೆಳಗಿನಿಂದ ಸ್ವಲ್ಪ ಸ್ವಲ್ಪ ಏರಿತ್ತು. ಮೌನಮ್ಮ ಸೊಸೆಗೆ ಫೋನು ಹಚ್ಚಿದಳು.

‘ನೀರ ಹ್ಯಾಂಗದ ನೋಡವ್ವ?’

ಸುಮಂಗಲಾ ಪುಟ ನೋಡಿದಳು. ಅಂಕಿ ಮಧ್ಯಾಹ್ನದಿಂದ ಕದಲಿರಲಿಲ್ಲ. ಹಸಿರು ಚುಕ್ಕೆ ಇತ್ತು.

‘ನಿಂತದ ಅತ್ತಿ’ ಎಂದಳು.

ಹೊಳೆ ದಂಡೆಯವರಿಗೆ ಆ ಮಾತಿನ ಅರ್ಥ ಒಂದೇ: ಏರುವುದು ಮುಗಿದಿದೆ, ದಾಟಬಹುದು. ಬಳಿಚಕ್ರದ ಹುಡುಗಿ ಹೇಳಿದ್ದು ಅಂಕಿಯ ಮಾತು, ಅಂಕಿ ನಿಂತಿತ್ತು. ನೀರು ನಿಂತಿರಲಿಲ್ಲ. ಮೇಲಿನ ಹಳ್ಳಗಳಿಗೆಲ್ಲ ಮಳೆಯಾಗಿ ಹೊಳೆ ಉಬ್ಬಿ ಬರುತ್ತಿತ್ತು. ಅಂಕಿಗೂ ನೀರಿಗೂ ನಡುವೆ ಅಷ್ಟು ವ್ಯತ್ಯಾಸ ಇರಬಹುದೆಂದು ಆ ಕ್ಷಣ ಅವಳಿಗೇ ಗೊತ್ತಿರಲಿಲ್ಲ.

ನಡುಹೊಳೆಯಲ್ಲಿ ಹರಿಗೋಲು ಬಂಡೆಗೆ ಬಡಿದು ಮಗುಚಿತು, ಗುರಪ್ಪಜ್ಜನ ಕಾಲು ಮುರಿಯಿತು. ಮೂವರೂ ಆ ಬಂಡೆಯ ಜಾಲಿಗಿಡ ಹಿಡಿದು ಕೂತರು. ಹಗ್ಗ ತಂದು ಎಳೆದು ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಷ್ಟೂ ಹೊತ್ತು ಸುಮಂಗಲಾ ಈ ದಡದಲ್ಲಿ ನಿಂತಿದ್ದಳು, ನಾನು ಅವಳ ತೋಳು ಹಿಡಿದುಕೊಂಡಿದ್ದೆ. ಅವಳ ಕೈಯ ಫೋನಿನಲ್ಲಿ ಅದೇ ಅಂಕಿ, ಅದೇ ಹಸಿರು ಚುಕ್ಕೆ. ಕಣ್ಣೆದುರಿಗೆ ಗಂಡ, ಅತ್ತೆ ಮುಳುಗುವಂತಿದ್ದರೂ ಫೋನು ಎಲ್ಲ ಸರಿಯಿದೆ ಎನ್ನುತ್ತಿತ್ತು. ಅದನ್ನು ಹೊಳೆಗೆ ಎಸೆಯಬೇಕೆನಿಸಿತು ನನಗೆ.

ಅಂದಿನಿಂದ ಮೌನಮ್ಮ ಸೊಸೆಯ ಜೊತೆ ಮಾತು ಬಿಟ್ಟಳು, ಹೆಸರು ಸಾರ್ಥಕ ಮಾಡಿಕೊಂಡಳು. ಕಟ್ಟೆಯ ಮೇಲೆ ಕೂತವರು ಅರ್ಧ ಜನ ಪುಟ ಸುಳ್ಳು ಹೇಳಿತು ಎಂದರು, ಅರ್ಧ ಜನ ಅವಳೇ ಸುಳ್ಳು ಹೇಳಿದಳು ಎಂದರು. ‘ನಾ ನೀರ ನಿಂತದ ಅಂದಿಲ್ರೀ’ ಎಂದು ಅವಳು ಹೇಳಿದರೆ, ‘ಮತ್ತೇನ ನಿಂತದ ಅಂದಿ?’ ಎಂದು ನಕ್ಕರು.

ಅವಳು ಅಳುತ್ತ ಕೂರಲಿಲ್ಲ. ಅರುಣಕುಮಾರನಿಗೆ ಫೋನು ಮಾಡಿದಳು.

‘ಅಕ್ಕಾ, ನನ್ನ ಕಡಿ ಎಲ್ಲಾ ಬರೋಬ್ಬರಿ ಅದ. ಅಳತಿ ಏರಿದ್ದು ಸರ್ವರಿಗೆ ಬಂದದ, ಸರ್ವರು ಕಳಿಸ್ಯಾದ’ ಎಂದ ಅವನು.

‘ನನ್ನ ಕಡಿನೂ ಎಲ್ಲಾ ಬರೋಬ್ಬರಿ ಅದಪ್ಪ, ಹಸಿರು ಚುಕ್ಕಿ ಅದ. ಹಂಗಾರ ನಡುವ ಯಾರ ನುಂಗಿದ್ರು?’

ಎರಡು ಫೋನುಗಳಲ್ಲಿ ಪುಟ ತೆರೆದು ಪಕ್ಕಪಕ್ಕ ಇಟ್ಟಳು. ಒಂದನ್ನು ಆಗಾಗ ಹೊಸದಾಗಿ ತೆರೆಯುತ್ತಿದ್ದಳು, ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಅರುಣಕುಮಾರ ಅಂಗಡಿಯಿಂದ ಸುಳ್ಳು ಅಂಕಿ ಕಳಿಸುತ್ತಿದ್ದ. ಬೇಗ ಬೇಗ ಕಳಿಸಿದರೆ ಎರಡಕ್ಕೂ ಬರುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕಳಿಸಿದರೆ ಮುಟ್ಟದ ಫೋನಿಗೆ ಬರುತ್ತಲೇ ಇರಲಿಲ್ಲ. ಹೀಗೆ ದಿನಗಟ್ಟಲೆ ಆಡಿದ ಮೇಲೆ ಕಳ್ಳ ಸಿಕ್ಕ. ಡೇಟಾ ಉಳಿಯಲಿ ಎಂದು, ಅಂಕಿ ಬದಲಾದರೆ ಮಾತ್ರ ಕಳಿಸುವಂತೆ ಅರುಣಕುಮಾರ ಸರ್ವರಿಗೆ ಕಲಿಸಿದ್ದ. ನೀರು ಸಮನಾಗಿ ಹರಿಯುವಾಗ ಸರ್ವರೂ ಮಾತಾಡುವುದಿಲ್ಲ, ಫೋನೂ ಮಾತಾಡುವುದಿಲ್ಲ. ಬಹಳ ಹೊತ್ತು ಮಾತಿಲ್ಲದ ದಾರಿಯನ್ನು ನಡುವಿನ ಮೊಬೈಲ್ ಜಾಲ ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ಮುಚ್ಚಿದ್ದೇನೆಂದು ಎರಡೂ ಕಡೆಗೆ ಹೇಳುವುದಿಲ್ಲ. ಅವತ್ತು ಮಧ್ಯಾಹ್ನ ನೀರು ಕೊಂಚ ಹೊತ್ತು ಸಮನಾಗಿ ಹರಿದಾಗಲೇ ದಾರಿ ಮುಚ್ಚಿತ್ತು. ಇವರು ಕಳಿಸಿದೆವು ಎಂದುಕೊಳ್ಳುತ್ತಾರೆ, ಅವರು ಬಂದಿಲ್ಲ ಎಂದರೆ ಏನೂ ಆಗಿಲ್ಲ ಎಂದುಕೊಳ್ಳುತ್ತಾರೆ. ಅತ್ತೆ ಸೊಸೆಯರ ನಡುವೆಯೂ ಆಗ ಅದೇ ನಡೆದಿತ್ತು ಎಂದು ನಾನು ಹೇಳಿದರೆ ಸುಮಂಗಲಾ ನಗಲಿಲ್ಲ.

ಮದ್ದು ಕಷ್ಟದ್ದಲ್ಲ. ಈಗ ಫೋನು ಆಗಾಗ ಸರ್ವರನ್ನು ‘ಅದೀಯೇನು?’ ಎಂದು ಕೇಳುತ್ತದೆ, ಸರ್ವರು ‘ಅದೀನಿ’ ಅನ್ನಬೇಕು. ಉತ್ತರ ಬರದಿದ್ದರೆ ಫೋನು ಹಳೆಯ ದಾರಿ ಬಿಟ್ಟು ಹೊಸದು ಹಿಡಿಯುತ್ತದೆ, ನಡುವೆ ತಪ್ಪಿಹೋದ ಅಳತೆಯನ್ನೂ ಕೇಳಿ ಪಡೆಯುತ್ತದೆ. ಹೊಸ ದಾರಿಯೂ ಸಿಗದಿದ್ದರೆ ಅಂಕಿಯನ್ನು ಅಳಿಸಿ ಪುಟವನ್ನೆಲ್ಲ ಕಪ್ಪು ಮಾಡಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತದೆ: ಸುದ್ದಿ ಇಲ್ಲ, ಇಳೀಬ್ಯಾಡ್ರಿ. ಹಳೆಯ ಅಂಕಿಯನ್ನು ತೋರಿಸುವುದಕ್ಕಿಂತ ಏನೂ ತೋರಿಸದಿರುವುದು ಮೇಲು ಎಂದು ಅವಳ ಹಟ. ಕಪ್ಪಾದರೆ ಯಾರೂ ಹೊಳೆಗೆ ಇಳಿಯಬಾರದು, ಕಣ್ಣಿಗೆ ನೀರು ಕಡಿಮೆ ಕಂಡರೂ ಇಳಿಯಬಾರದು ಎಂದು ಮನೆಮನೆಗೆ ಹೋಗಿ ಹೇಳಿಬಂದಳು. ಗುರಪ್ಪಜ್ಜನ ಕಾಲಿನ ಪಟ್ಟಿ ನೋಡಿ ಜನ ಒಪ್ಪಿದರು.

ಒಪ್ಪಿದ ಮೇಲೆ ಶುರುವಾಯಿತು ಫಜೀತಿ. ಗಡ್ಡಿಯ ನೆಟ್‌ವರ್ಕು ಗಾಳಿ ಬೀಸಿದರೆ ಹೋಗುತ್ತದೆ, ಕರೆಂಟು ಹೋದರೆ ಹೋಗುತ್ತದೆ, ಏನೂ ಆಗದಿದ್ದರೂ ಹೋಗುತ್ತದೆ. ಪುಟ ಮಾತುಮಾತಿಗೆ ಕಪ್ಪಾಗತೊಡಗಿತು. ಮೊದಲು ನೀರು ಮಾತ್ರ ನಮ್ಮನ್ನು ಕಟ್ಟಿಹಾಕುತ್ತಿತ್ತು, ಈಗ ಪುಟವೂ ಸೇರಿಕೊಂಡಿತು. ಹಾಲು ಮಾರುವವರು ದಂಡೆಯಲ್ಲಿ ನಿಂತು ಬೈದರು, ನಾನೂ ಬೈದೆ. ಬೈದು ಎಲ್ಲರೂ ಅವಳ ಬಾಗಿಲಿಗೇ ಹೋಗುವುದು. ಅವಳು ತಲೆಗೆ ಸೆರಗು ಹೊದ್ದು ಮೇಲ್ಗಡೆಯ ಬಂಡೆಯವರೆಗೆ ನಡೆದು, ಯಂತ್ರದ ಗುರುತು ಕಣ್ಣಾರೆ ನೋಡಿ ಬಂದು ಹೇಳಬೇಕು. ಆ ಬಂಡೆಯ ದಾರಿಯೂ ನೀರು ಸ್ವಲ್ಪ ಏರಿದರೆ ಮುಳುಗುತ್ತದೆ, ಆಗ ಅದೂ ಇಲ್ಲ. ಒಂದು ಮಳೆಗಾಲ ಅವಳು ತವರಿಗೂ ಹೋಗಲಿಲ್ಲ.

ಅವಳಿಗೆ ಇಲ್ಲಿಂದ ಹೊರಬೀಳುವ ಆಸೆ ಇತ್ತು, ಬಹಳ ಇತ್ತು. ತನಗಾಗಿ ಅಲ್ಲ. ಮಗಳು ಭಾರತಿ ಐದು ಮುಗಿಸಿದ್ದಳು. ಆರಕ್ಕೆ ಹೊಳೆ ದಾಟಬೇಕು, ಮಳೆಗಾಲದಲ್ಲಿ ದಿನಾ ದಾಟಲಾಗುವುದಿಲ್ಲ. ನಮ್ಮ ಗಡ್ಡಿಯ ಹೆಣ್ಣುಮಕ್ಕಳ ಓದು ಐದಕ್ಕೇ ಮುಗಿಯುವುದು ಹೀಗೆ. ಸುಮಂಗಲಾ ಭೀಮರಾಯನಗುಡಿಯ ಒಂದು ಖಾಸಗಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಹಿಡಿದಳು. ಅಲ್ಲೇ ಒಂದು ಕೋಣೆ, ಹತ್ತಿರದಲ್ಲೇ ಶಾಲೆ. ಮರಿಲಿಂಗನೂ ಹೂಂ ಎಂದ. ಸೋಮವಾರ ಬೆಳಿಗ್ಗೆ ಹಾಜರಾಗಬೇಕು, ಬರದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದು ಕಚೇರಿಯವರು ಖಡಾಖಂಡಿತ ಹೇಳಿದ್ದರು. ಭಾನುವಾರವೇ ಹೋಗಬೇಕಿತ್ತು, ಆದರೆ ಭಾನುವಾರ ನೀರು ಪುಟದಲ್ಲಿ ಅಪಾಯಕ್ಕೆಂದು ಎಳೆದ ಕೆಂಪು ಗೆರೆ ಮೀರಿ ಹರಿಯುತ್ತಿತ್ತು. ನಾನೂ ಶನಿವಾರದಿಂದ ಅಲ್ಲೇ ಸಿಕ್ಕಿಬಿದ್ದಿದ್ದೆ.

ಸೋಮವಾರ ಬೆಳಗಾಗುವಷ್ಟರಲ್ಲಿ ನೀರು ಇಳಿದಿತ್ತು. ಭಾರತಿ ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಟ್ರಂಕಿನ ಪಕ್ಕ ನಿಂತಿದ್ದಳು. ಕಳಿಸಲು ಊರೇ ದಂಡೆಗೆ ಬಂದಿತ್ತು. ಹರಿಗೋಲಿಗೆ ಟ್ರಂಕು ಎತ್ತಬೇಕೆನ್ನುವಾಗ ಪುಟ ಕಪ್ಪಾಯಿತು. ಕರೆಯೂ ಹೋಗಲಿಲ್ಲ, ನೆಟ್‌ವರ್ಕು ಪೂರ್ತಿ ಸತ್ತಿತ್ತು. ಮೇಲಿನ ಬಂಡೆಯ ದಾರಿ ಇನ್ನೂ ನೀರಲ್ಲೇ ಇತ್ತು, ಹೋಗಿ ನೋಡುವಂತೆಯೂ ಇರಲಿಲ್ಲ.

‘ನೆಟ್‌ವರ್ಕ್ ಹೋಗ್ಯಾದ, ಅಷ್ಟೇ. ನೀರ ನಿನ್ನಿಗಿಂತ ಎಷ್ಟ ಕಮ್ಮಿ ಅದ ನೋಡು. ಕೂಡ್ರಿ, ಜಲ್ದಿ ದಾಟಸ್ತೀನಿ’ ಎಂದ ಮರಿಲಿಂಗ.

ಸುಮಂಗಲಾ ಹೊಳೆ ನೋಡಿದಳು, ಫೋನು ನೋಡಿದಳು. ಜನ ಹೊಳೆಯನ್ನೂ ನೋಡುತ್ತಿರಲಿಲ್ಲ, ಫೋನನ್ನೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಅವಳ ಮೇಲೆ. ಅವಳು ಟ್ರಂಕಿನ ಮೇಲೆ ಕೂತುಬಿಟ್ಟಳು.

ಆಗ ಮೌನಮ್ಮ ಬಾಯಿಬಿಟ್ಟಳು. ‘ಹೋಗವ್ವ. ನಾ ಹೇಳಾಕತ್ತೀನಿ, ಹೋಗು. ಹುಡುಗಿ ಬಾಳೇ ಅದ ಇದರಾಗ. ನನ್ನ ಮನಸಿನ್ಯಾಗ ಏನೂ ಇಲ್ಲ.’

ಅತ್ತೆಯ ಮಾತು ಕೇಳಿ ಸುಮಂಗಲಾಳ ಕಣ್ಣು ತುಂಬಿದವು. ‘ನನಗೂ ಗೊತ್ತದ ಅತ್ತಿ, ನೆಟ್‌ವರ್ಕೇ ಹೋಗಿದ್ದು ಇರಬೇಕು. ಆದ್ರ ಇವತ್ತ ನಾ ಇಳದ್ರ, ನಾಳಿಂದ ಈ ಅಕ್ಷರಕ್ಕ ಯಾರೂ ಅಂಜಂಗಿಲ್ಲ. ನಾನೇ ಬರದದ್ದು ನಾನೇ ಹ್ಯಾಂಗ ಮುರೀಲಿ?’

ನನಗೆ ಸಿಟ್ಟು ಬಂತು, ‘ಹುಚ್ಚೀ, ದಾಟು’ ಎಂದು ಕೂಗಿದೆ. ಅವಳು ಕದಲಲಿಲ್ಲ. ಮರಿಲಿಂಗ ಹುಟ್ಟನ್ನು ಮರಳಿಗೆ ಬಿಸಾಕಿ ದೂರ ಹೋಗಿ ಕೂತ. ಜನ ಒಬ್ಬೊಬ್ಬರಾಗಿ ಕರಗಿದರು.

ಮಧ್ಯಾಹ್ನ ದಾಟಿದ ಮೇಲೆ ಪುಟಕ್ಕೆ ಜೀವ ಬಂತು. ತಪ್ಪಿಹೋದ ಅಳತೆಗಳೆಲ್ಲ ಒಂದೊಂದಾಗಿ ಬಂದು ಕೂತವು. ಬೆಳಗಿನಿಂದ ನೀರು ಒಂದು ಬೆರಳಷ್ಟೂ ಏರಿರಲಿಲ್ಲ. ಮರುಕ್ಷಣವೇ ಕಚೇರಿಯಿಂದ ಫೋನು ಬಂತು, ಶಹಾಪುರದ ಯಾರನ್ನೋ ತಗೊಂಡಿದ್ದರು.

‘ಯವ್ವಾ, ನೀರ ಬರಲೇ ಇಲ್ಲಲ್ಲ?’ ಎಂದಳು ಭಾರತಿ.

‘ಇಲ್ಲವ್ವ.’

‘ಮತ್ತ ನಾವ್ಯಾಕ ಹೋಗ್ಲಿಲ್ಲ?’

ಸುಮಂಗಲಾ ಮಗಳ ರಿಬ್ಬನ್ ಬಿಚ್ಚತೊಡಗಿದಳು. ನಾನು ಆ ಕಡೆ ಮುಖ ತಿರುಗಿಸಿದೆ.

ಮರುದಿನ ಭಾರತಿ ನಮ್ಮ ಶಾಲೆಗೇ ಬಂದಳು. ಬೇರೆ ಎಲ್ಲಿಗೆ ಹೋಗಬೇಕು? ಐದು ಮುಗಿಸಿದ ಹುಡುಗಿ ಮತ್ತೆ ಐದರ ಸಾಲಿನ ಕೊನೆಯಲ್ಲಿ, ತನಗಿಂತ ಚಿಕ್ಕವರ ಪಕ್ಕ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಹಾಜರಿ ಕೂಗುತ್ತಿದ್ದಾಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಹಾಜರಿಯಲ್ಲಿ ಅವಳ ಹೆಸರು ಇರಲಿಲ್ಲ. ಆದರೂ ಕೂಗಿದೆ.