ಮೈಕಿನಲ್ಲಿ ಹೇಳಿದ ತಪ್ಪು ಗೋಲು

ಅವರ ಮೇಲಿನ ಸಾಲಿನಲ್ಲಿ ಎದುರಿನ ಎರಡು ಹಲ್ಲುಗಳಿರಲಿಲ್ಲ. ಹರೆಯದಲ್ಲಿ ಪೆನಾಲ್ಟಿ ಕಾರ್ನರ್ ತಡೆಯಲು ನುಗ್ಗಿದಾಗ ಚೆಂಡು ಬಡಿದು ಹೋದ ಹಲ್ಲುಗಳು. ಕಟ್ಟಿಸಿಕೊಳ್ಳಿ ಎಂದು ಮನೆಯವರು ಹೇಳಿ ಹೇಳಿ ಸೋತರು. ಹಾಗಾಗಿ ಅವರು ಮೈಕಿನಲ್ಲಿ ಮಾತಾಡುವಾಗ ‘ಸ’ ಬಂದಲ್ಲೆಲ್ಲ ಸಣ್ಣದೊಂದು ಸೀಟಿ ಕೇಳಿಸುತ್ತಿತ್ತು. ‘ಸೆಂಟರ್ ಫಾರ್ವರ್ಡ್’ ಎಂದರೆ ಸಾಕು, ಅಂಪೈರ್ ಊದಿದರೇನೋ ಎಂದು ಹೊಸ ಆಟಗಾರರು ಓಡುತ್ತಿದ್ದವರು ನಿಂತುಬಿಡುತ್ತಿದ್ದರು.

ನಮಗೆಲ್ಲ ಅವರು ಕಾಮೆಂಟ್ರಿ ಅಂಕಲ್. ಅಮ್ಮತ್ತಿಗೂ ಸಿದ್ದಾಪುರಕ್ಕೂ ನಡುವಿನ ನಮ್ಮೂರಿನ ಹಾಕಿ ತಂಡದಲ್ಲಿ ಮೊದಲು ಫುಲ್ ಬ್ಯಾಕ್ ಆಗಿದ್ದರು, ಕಾಲು ಸೋತ ಮೇಲೆ ಮೈಕ್ ಹಿಡಿದರು. ಚಿಕ್ಕ ಕಾಫಿ ತೋಟವಿತ್ತು. ತೋಟವನ್ನು ಹೆಂಡತಿ ನೋಡಿಕೊಂಡರು, ತಂಡವನ್ನು ಅವರು. ಆಟಕ್ಕೆ ಮುಂಚೆ, ತಂಡದ ದೊಡ್ಡ ದಿನಗಳನ್ನು ಒಂದೊಂದಾಗಿ ಹೇಳದೆ ಅವರು ಕಾಮೆಂಟ್ರಿ ಶುರು ಮಾಡಿದ್ದಿಲ್ಲ. ಹುತ್ತರಿ ಹಬ್ಬ ಕಳೆದ ಭಾನುವಾರ ಮೊದಲ ಕಪ್ ಬಂದ ದಿನ. ಭಾಗಮಂಡಲದ ದಾರಿಯಲ್ಲಿ ಬಸ್ಸು ಕೆಟ್ಟು, ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗಿ ಕೊನೇ ನಿಮಿಷದ ಗೋಲಿನಿಂದ ಗೆದ್ದ ದಿನ. ಸಂಬಳ ಕೊಟ್ಟು ಹೊರಗಿನ ಆಟಗಾರರನ್ನು ಕರೆಸಿ, ತಂಡ ಕಸುಬಿನ ತಂಡವಾದ ದಿನ. ಆ ದಿನ ಅರ್ಧ ಊರು ಮುನಿಸಿಕೊಂಡು ಮೈದಾನಕ್ಕೇ ಬರಲಿಲ್ಲ ಎಂಬುದನ್ನೂ ಅವರು ಬಿಡದೆ ಹೇಳುತ್ತಿದ್ದರು.

ಇಸವಿ ಮಾತ್ರ ಹೇಳುತ್ತಿರಲಿಲ್ಲ. ಕೇಳಿದರೆ, “ಇಸವಿ ಗೌರ್ಮೆಂಟಿನದ್ದು, ದಿನ ನಮ್ಮದು” ಎನ್ನುತ್ತಿದ್ದರು. ನನ್ನನ್ನು ಕಂಡರೆ, “ಬಂದಳು ನೋಡಿ ಮೊದಲ ಕಪ್ಪಿನ ಕೂಸು” ಎಂದು ಕರೆಯುತ್ತಿದ್ದರು. ಆ ಕಪ್ ಬಂದಾಗ ಅಮ್ಮ ನನ್ನ ಹೆರಿಗೆಗೆಂದು ಅರಕಲಗೂಡಿನ ತೌರಿಗೆ ಹೋಗಿದ್ದಳು. ಅಪ್ಪ ಇಲ್ಲಿ ಶಾಲೆಯಲ್ಲಿ ಮೇಷ್ಟರು. ಮಗಳು ಹುಟ್ಟಿದ ಸುದ್ದಿಯೂ ಕಪ್ಪೂ ಅವರಿಗೆ ಒಂದೇ ವಾರದಲ್ಲಿ ಸಿಕ್ಕಿದ್ದವು.

ಆ ಜೀಪಿನ ದಿನದ ಗೋಲಿನ ಬಗ್ಗೆ ಊರಲ್ಲಿ ಒಂದು ಹಳೇ ಜಗಳವಿತ್ತು. ಚೆಂಡಿಗೆ ಕೊನೆಯಲ್ಲಿ ತಾಗಿದ್ದು ಸೆಂಟರ್ ಫಾರ್ವರ್ಡ್‌ನ ಸ್ಟಿಕ್ಕೋ, ಲೆಫ್ಟ್ ಔಟ್‌ನದ್ದೋ? ಇಬ್ಬರೂ ಈಗ ಮುದುಕರು. ಸೆಂಟರ್ ಫಾರ್ವರ್ಡ್ ಜೀಪಿನ ಗ್ಯಾರೇಜ್ ಇಟ್ಟು ದೊಡ್ಡ ಸಂಸಾರ ಬೆಳೆಸಿದ್ದರು. ಅಂಕಲ್ ಅಂದು ಮೈದಾನದಲ್ಲೇ ಇದ್ದವರು. ಗೋಲು ಸೆಂಟರ್ ಫಾರ್ವರ್ಡ್‌ನದ್ದೇ ಎಂದು ಅವರು ಹೇಳಿದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಫೈನಲ್. ಹಿಂದಿನ ಸಂಜೆ ಹೂಮಳೆ ಚೆನ್ನಾಗಿ ಸುರಿದಿತ್ತು. ಕಾಫಿ ಹೂ ಕಟ್ಟುತ್ತದೆಂದು ಗ್ಯಾಲರಿಯಲ್ಲಿ ಕೂತವರ ಮುಖವೆಲ್ಲ ಅರಳಿತ್ತು. ಕಬ್ಬಿಣದ ಪೈಪು ಕಟ್ಟಿ ಹಲಗೆ ಹಾಸಿದ ತಾತ್ಕಾಲಿಕ ಗ್ಯಾಲರಿ. ಇಳಿಯಲು ಒಂದೇ ಕಡೆ ಮೆಟ್ಟಿಲು. ಮೊಣಕಾಲು ನೋವಿನ ಅಮ್ಮನನ್ನು ನೆರಳಿರುತ್ತದೆಂದು ಮೇಲಿನ ಸಾಲಿಗೆ ಹತ್ತಿಸಿದ್ದೆ. ನಮ್ಮ ಪಕ್ಕದಲ್ಲೇ ಅಂಕಲ್‌ರ ಮೇಜು.

ವಿರಾಮ ಶುರುವಾಗುತ್ತಿದ್ದ ಹಾಗೆ ಅವರ ಮೇಜಿನ ಮೇಲಿನ ಚಾ ಗ್ಲಾಸು ತಾನಾಗಿ ಜಾರತೊಡಗಿತು. ಅವರು ಅದನ್ನು ಬೆರಳಿನಿಂದ ತಡೆದರು. ಬೆರಳು ತೆಗೆದಾಗ ಮತ್ತೆ ಜಾರಿತು. ನಾನು ಬಗ್ಗಿ ಹಲಗೆಗಳ ಸಂದಿಯಿಂದ ನೋಡಿದೆ. ಹಿಂದಿನ ಪೈಪುಗಳ ಬುಡಕ್ಕೆ ಕೊಟ್ಟಿದ್ದ ಮರದ ತುಂಡುಗಳು ಹಸಿಮಣ್ಣಿನಲ್ಲಿ ಮುಳುಗಿದ್ದವು. ಇಡೀ ಗ್ಯಾಲರಿ ಹಿಂದಕ್ಕೆ, ಇಳಿಜಾರಿನ ಕಡೆಗೆ ಕೂರುತ್ತಿತ್ತು. ನಾನು ಫಿಸಿಕ್ಸ್ ಓದಿದವಳು. ಏನಾಗುತ್ತಿದೆಯೆಂದು ಗೊತ್ತಾಯಿತು, ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಕೂಗಲು ಬಾಯಿ ತೆರೆದೆ. ಅಂಕಲ್ ನನ್ನ ಮಣಿಕಟ್ಟು ಹಿಡಿದರು.

“ಕೂಗ್ಬೇಡ ಮಗಾ. ಕೂಗಿದ್ರೆ ಎಲ್ಲಾ ಒಟ್ಟಿಗೆ ಏಳ್ತಾರೆ. ಒಟ್ಟಿಗೆ ಎದ್ರೆ ಒಟ್ಟಿಗೇ ಹೋಗ್ತೇವೆ.”

ಮೈಕ್ ಕೈಗೆತ್ತಿಕೊಂಡರು. ದನಿ ಒಂದಿಷ್ಟೂ ಬದಲಾಗಲಿಲ್ಲ.

“ಮಹನೀಯರೇ, ಈ ವಿರಾಮದಲ್ಲಿ ಒಂದು ಸಣ್ಣ ಸನ್ಮಾನ ಉಂಟು. ಹುತ್ತರಿ ಕಳೆದ ಭಾನುವಾರ ನಮ್ಮ ಮೊದಲ ಕಪ್ ಬಂತಲ್ಲ, ಅದನ್ನು ಕಣ್ಣಾರೆ ಕಂಡವರು ಮೈದಾನಕ್ಕೆ ಇಳಿದು ಬನ್ನಿ. ಅವಸರ ಬೇಡ. ಅಂದು ಹುಟ್ಟದ ಮೊಮ್ಮಕ್ಕಳನ್ನು ಕೈಹಿಡಿದು ಕರ್ಕೊಂಡು ಬನ್ನಿ.”

ಮುದುಕರು ನಗುತ್ತಾ ಎದ್ದರು. ನಿಧಾನಕ್ಕೆ ಇಳಿಯಬೇಕಾದವರೇ ಮೊದಲು ಇಳಿದರು, ಜೊತೆಗೆ ಮಕ್ಕಳು. ಅದರ ಜಾಣತನ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿಗೆ ನಾನು ಅಮ್ಮನ ತೋಳು ಎಳೆಯುತ್ತಿದ್ದೆ.

“ಅಮ್ಮಾ, ಏಳು.”

“ನಾನೆಲ್ಲಿ ನೋಡಿದೀನಿ? ಆಗ ನಿನ್ನ ಹೊಟ್ಟೇಲಿಟ್ಕೊಂಡು ತೌರಲ್ಲಿದ್ದೆ. ಸುಳ್ಳು ಹೇಳಿ ಶಾಲು ಹೊದಿಸ್ಕೊಳ್ಳೋದಾ? ಹೋಗತ್ಲಾಗೆ.”

ಕಾಲ ಕೆಳಗಿನ ಹಲಗೆ ನರಳಿತು. ಅಂಕಲ್ ನಮ್ಮ ಕಡೆ ತಿರುಗದೆ ಮೈಕಿನಲ್ಲೇ ಹೇಳಿದರು: “ಆ ದಿನ ಹೆರಿಗೆಗೆ ಹೋಗಿ ಆಟ ತಪ್ಪಿಸಿಕೊಂಡ ಮೇಷ್ಟ್ರ ಮನೆಯವರಿಗೂ ಒಂದು ಶಾಲು ಉಂಟು. ಗಲಾಟೆ ಮಾಡದೆ ಬರಬೇಕು.” ಎಲ್ಲರೂ ನಕ್ಕರು. ಅಮ್ಮ ನಾಚಿ, ಬೈದುಕೊಂಡು ಎದ್ದಳು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿದಳು. ನಾನು ಅವಳ ತೋಳು ಬಿಡದೆ ಜೊತೆಗೇ ಇಳಿದೆ.

ಹೊರಗಿನ ಆಟಗಾರರು ಬಂದ ದಿನ ಮುನಿಸಿಕೊಂಡವರನ್ನು ಆಮೇಲೆ ಕರೆದರು. “ಇವತ್ತು ರಾಜಿ ಮಾಡಿಕೊಳ್ಳುವ, ಬನ್ನಿ.” ಹೀಗೆ ಸಾಲುಸಾಲಾಗಿ ಜನ ಇಳಿದರು. ಆದರೆ ನಡುವಿನ ಸಾಲುಗಳು ಕದಲಲಿಲ್ಲ. ಅಲ್ಲಿ ಗ್ಯಾರೇಜಿನ ಸೆಂಟರ್ ಫಾರ್ವರ್ಡ್ ತಮ್ಮ ಇಡೀ ಬಳಗದೊಂದಿಗೆ ಕೂತಿದ್ದರು. ಬುತ್ತಿ ಬಿಚ್ಚಿ, ಕಡಂಬುಟ್ಟಿನ ಉಂಡೆ ಬಡಿಸಿಕೊಂಡು, ಕರೆದರೂ ಕೈಬೀಸಿ ಆಮೇಲೆ ಎನ್ನುತ್ತಿದ್ದರು.

ಆಗ ಅಂಕಲ್ ಹೇಳಿದರು: “ಜೀಪಿನ ದಿನ ಕೊನೇ ನಿಮಿಷದ ಗೋಲು ಹೊಡೆದವರು ಮೈದಾನಕ್ಕೆ ಬರಬೇಕು. ಆ ಗೋಲು ಹೊಡೆದದ್ದು ನಮ್ಮ ಲೆಫ್ಟ್ ಔಟ್.”

ಬಡಿಸುತ್ತಿದ್ದ ಕೈಗಳು ಅಲ್ಲೇ ನಿಂತವು.

“ಎಂತ? ಎಂತ ಹೇಳಿದ ಇವ?” ಸೆಂಟರ್ ಫಾರ್ವರ್ಡ್ ಎದ್ದೇಬಿಟ್ಟರು. “ಇಷ್ಟು ವರ್ಷ ಆದ ಮೇಲೆ ಮಂಡೆ ಕೆಟ್ಟಿತಾ ಇವನಿಗೆ?”

“ಅಲ್ಲ ಅನ್ನುವವರು ಮೈದಾನಕ್ಕೆ ಇಳಿದು ಅಂಪೈರ್ ಎದುರು ಹೇಳಬೇಕು. ಅಲ್ಲಿಂದ ಕೂಗಿದ್ರೆ ನಾನು ಕೇಳುವುದಿಲ್ಲ.”

ಬುತ್ತಿ ಬಿಟ್ಟು ಇಡೀ ಬಳಗ ಅವರ ಹಿಂದೆ ಇಳಿಯಿತು. ಜಗಳ ನೋಡಲು ಪಡ್ಡೆ ಹುಡುಗರೂ ಇಳಿದರು. ನೂಕಲಿಲ್ಲ, ಓಡಲಿಲ್ಲ. ಅಷ್ಟು ಸಿಟ್ಟಿನಲ್ಲೂ ಹೆಂಗಸರಿಗೆ ದಾರಿ ಬಿಟ್ಟು ಇಳಿದರು. ಮೇಲೆ ಉಳಿದವರು ಬೆರಳೆಣಿಕೆಯ ಮಂದಿ, ಮತ್ತು ಅಂಕಲ್.

ನಾನು ಕೆಳಗಿನಿಂದ ಎರಡೂ ಕೈ ಬೀಸಿ ಕರೆದೆ. ಅವರು ನನ್ನನ್ನು ನೋಡಿದರು. ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟು ಮತ್ತೆ ಮೇಜಿಗೆ ಹೋದರು. ಮೈಕಿನಲ್ಲಿ, “ಒಂದು ತಿದ್ದುಪಡಿ. ಆ ಗೋಲು ಹೊಡೆದದ್ದು ಸೆಂ...” ಎಂದರು. ಆ ಸೀಟಿ ಮುಗಿಯಲಿಲ್ಲ. ಗ್ಯಾಲರಿ ಹಿಂದಕ್ಕೆ ಮಲಗಿತು. ಮೈಕ್ ಇನ್ನೂ ಚಾಲೂ ಇದ್ದುದರಿಂದ ಪೈಪು ಮುರಿಯುವ ಸದ್ದು ಗ್ಯಾಲರಿಯಿಂದಲೂ, ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದಲೂ ಬಂತು. ಓಡಲು ಯಾವ ಕಡೆಯೂ ಇಲ್ಲದ ಹಾಗೆ ಸುತ್ತಲಿಂದ ಬಂತು. ಅದು ನನ್ನ ಕಿವಿಯಿಂದ ಇಂದಿಗೂ ಹೋಗಿಲ್ಲ. ಮಿಕ್ಸಿ ನಿಂತಾಗ, ಬಸ್ಸು ಗೇರ್ ಬದಲಿಸಿದಾಗ ಬರುತ್ತದೆ.

ಯಾರೂ ಸಾಯಲಿಲ್ಲ. ಮೇಲೆ ಉಳಿದಿದ್ದವರಿಗೆ ತರಚು ಗಾಯ. ಅಂಕಲ್‌ರ ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಕೇಳಿದೆ. “ಯಾಕೆ ಅಂಕಲ್ ವಾಪಸ್ ಹೋದ್ರಿ? ಇಳಿದು ಬಂದು ಹೇಳಬಹುದಿತ್ತಲ್ಲ?”

“ಮೈಕಿನಲ್ಲಿ ತಪ್ಪು ಹೇಳಿ, ನೆಲದಲ್ಲಿ ಸರಿ ಮಾಡೋದಾ? ಯಾರಿಗೆ ಕೇಳಿಸ್ತದೆ?”

ಅಷ್ಟರಲ್ಲಿ ಸೆಂಟರ್ ಫಾರ್ವರ್ಡ್ ಬಂದರು. ಮಂಚದ ಪಕ್ಕ ನಿಂತು, “ಆ ಗೋಲು ಲೆಫ್ಟ್ ಔಟ್‌ನದ್ದೇ ಅಂತ ಇರಲಿ ಮಾರಾಯ. ನನ್ನ ಮೊಮ್ಮಕ್ಕಳು ಉಳಿದವಲ್ಲ, ಸಾಕು” ಎಂದರು. ಅಂಕಲ್‌ಗೆ ಕೋಪ ಬಂತು.

“ಇರಲಿ ಅನ್ನಲಿಕ್ಕೆ ಅದೆಂತ ನಿನ್ನ ಗ್ಯಾರೇಜಾ? ಗೋಲು ನಿನ್ನದು. ಬೇಕಾದ್ರೂ ನಿನ್ನದು, ಬೇಡವಾದ್ರೂ ನಿನ್ನದು. ಸುಮ್ಮನೆ ಕೂತ್ಕೋ.”

ಗ್ಯಾಲರಿ ಬಿದ್ದ ದಿನವನ್ನೂ ತಂಡದ ದೊಡ್ಡ ದಿನಗಳ ಜೊತೆ ಸೇರಿಸಬೇಕೆಂದು ಊರಿನವರು ಹಟ ಹಿಡಿದರು. ಅವರು ಒಪ್ಪಲೇ ಇಲ್ಲ. “ಆಟ ಅರ್ಧಕ್ಕೆ ನಿಂತಿತು. ಗೆದ್ದವರಿಲ್ಲ. ಅದು ತಂಡದ ದಿನ ಹೇಗಾಗ್ತದೆ?”

ನಾನು ಮಾತ್ರ ಅವರಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದೆ. ಅಂದು ನಾನು ಕೂಗಿದ್ದಿದ್ದರೆ? ಅಮ್ಮ ಇನ್ನೂ ಸ್ವಲ್ಪ ವಾದ ಮಾಡಿದ್ದಿದ್ದರೆ? ಮನೆಯಲ್ಲಿ ಹಾಳೆಯ ಮೇಲೆ ಗ್ಯಾಲರಿಯ ಚಿತ್ರ ಬರೆದು ಭಾರದ ಲೆಕ್ಕ ಹಾಕುತ್ತಿದ್ದೆ. ಯಾವ ಲೆಕ್ಕದಲ್ಲೂ ಅದು ಅಷ್ಟು ಹೊತ್ತು ನಿಲ್ಲಬಾರದಿತ್ತು. ಹೇಳಿದರೆ ಅವರು, “ನಿಂತಿತಲ್ಲ ಮಗಾ. ನಿಂತದ್ದನ್ನು ಎಂತಕ್ಕೆ ದಿನಾ ಬೀಳಿಸ್ತಿ?” ಎನ್ನುತ್ತಿದ್ದರು. ಆಗ ಒಂದೆರಡು ದಿನ ನಿದ್ದೆ ಬರುತ್ತಿತ್ತು.

ಕೋಲೂರಿ ನಡೆಯುತ್ತಿದ್ದ ಅಂಕಲ್ ಈ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹೋಗಿಬಿಟ್ಟರು. ಅವರ ಮನೆಯಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಾನು ಮೊದಲು ಅದರ ಪೈಪುಗಳ ಬುಡ ನೋಡಿ, ಆಮೇಲೆ ಅಮ್ಮನನ್ನು ಕೂರಿಸಿದೆ. ಈಗ ಮದುವೆಗೆ ಹೋದರೂ ಹಾಗೆಯೇ. ಎದುರು ಸಾಲಿನಲ್ಲಿ ಸೆಂಟರ್ ಫಾರ್ವರ್ಡ್ ಮತ್ತು ಲೆಫ್ಟ್ ಔಟ್ ಅಕ್ಕಪಕ್ಕ ಕೂತಿದ್ದರು. ಇಬ್ಬರ ಮೊಮ್ಮಕ್ಕಳೂ ಅಂಗಳದಲ್ಲಿ ಓಡುತ್ತಿದ್ದವು. ಅಮ್ಮನ ಕೈ ನನ್ನ ಕೈಯಲ್ಲಿ ಬೆಚ್ಚಗಿತ್ತು. ಇದಕ್ಕೆಲ್ಲ ಯಾರಿಗೆ, ಹೇಗೆ ಕೃತಜ್ಞತೆ ಹೇಳುವುದೆಂದು ಯೋಚಿಸುತ್ತಿದ್ದೆ.

ಅವರ ಮನೆತನದ ಪದ್ಧತಿಯಂತೆ ಸತ್ತವರ ಗೌರವಕ್ಕೆ ಕೋವಿ ಹಾರಿಸಿದರು. ಸದ್ದು ಬೆಟ್ಟಕ್ಕೆ ಬಡಿದು ಸುತ್ತಲಿಂದ ವಾಪಸ್ ಬಂತು. ನಾನು ಯಾವಾಗ ಎದ್ದೆನೋ ಗೊತ್ತಿಲ್ಲ, ಅಮ್ಮನ ತೋಳು ಹಿಡಿದು ಎಳೆಯುತ್ತಿದ್ದೆ. ಕುರ್ಚಿ ಹಿಂದಕ್ಕೆ ಬಿದ್ದಿತ್ತು. ಜನ ನೋಡುತ್ತಿದ್ದರು.

ಅಮ್ಮ ಈ ಸಲ ವಾದ ಮಾಡಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ತನ್ನ ಕಾಲಿನಿಂದ ಅಂಗಳವನ್ನು ಒಮ್ಮೆ ತಟ್ಟಿ ತೋರಿಸಿದಳು.

“ಕೂತ್ಕೊ ಮಗಾ. ನೆಲದ ಮೇಲೇ ಇದೀವಿ.”