ಕಟ್ಟಿ ಹೋದವಳು

ಗಂಟು ಹಾಕುವುದರಲ್ಲಿ ನನ್ನದು ಪಳಗಿದ ಕೈ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು, ಕಡತಗಳಿಗೆ ಲಾಡಿ ಬಿಗಿದು ಬಿಗಿದು ಬೆರಳಿಗೆ ಬಂದ ವಿದ್ಯೆ ಅದು. ನಾನು ಕಟ್ಟಿದ ಕಡತವನ್ನು ಬಿಚ್ಚಲು ಸಾಹೇಬರು ನನ್ನನ್ನೇ ಕರೆಯಬೇಕಾಗುತ್ತಿತ್ತು. ನಿವೃತ್ತಿಯಾದ ಮೇಲೆ ಈ ವಿದ್ಯೆ ಯಾವ ಕೆಲಸಕ್ಕೂ ಬಾರದೆ ಮೂಲೆ ಸೇರಿತ್ತು. ಅಷ್ಟರಲ್ಲಿ ಮನೆಗೆ ಹುರುಳಿ ಬಂದಳು.

ಹುರುಳಿ ನಮ್ಮ ನಾಯಿ. ಮೈಬಣ್ಣ ಥೇಟ್ ಹುರುಳಿಕಾಳು. ಚಿಂತಾಮಣಿಯ ನಮ್ಮ ಮನೆಯಲ್ಲಿರುವುದು ನಾನು ಮತ್ತು ನನ್ನ ತಂಗಿ ಪದ್ದು, ಇಬ್ಬರೇ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಪದ್ದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಒಂದು ಭಾನುವಾರ ಜಂಗಮಕೋಟೆಯ ಸಹೋದ್ಯೋಗಿಯ ಮನೆಗೆ ಊಟಕ್ಕೆಂದು ಹೋದವಳು, ಅವರ ರೇಷ್ಮೆ ಹುಳು ಸಾಕುವ ಮನೆಯ ಹಿಂದೆ ಹುಟ್ಟಿದ್ದ ಮರಿಯೊಂದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಳು. ತಂದವಳು ಬೆಳಗ್ಗೆ ಎದ್ದು ಶಾಲೆಗೆ ಹೋದಳು. ಸಾಕುವ ಕೆಲಸ ನನ್ನ ಪಾಲಿಗೆ ಬಂತು. ಪಿಂಚಣಿ ತೆಗೆದುಕೊಳ್ಳುವವರಿಗೆ ಬೇರೆ ಏನು ಕೆಲಸ ಎಂದು ಎಲ್ಲರೂ ಕೇಳುತ್ತಾರಲ್ಲ, ಅದಕ್ಕೆ ಈಗ ನನ್ನ ಬಳಿ ಉತ್ತರವಿತ್ತು.

ಹುರುಳಿಗೆ ಒಂದೇ ಒಂದು ದೋಷ. ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬೀಗ ಹಾಕಿದರೆ ರಾಗ ತೆಗೆಯುತ್ತಿದ್ದಳು. ಪಕ್ಕದ ಮನೆಯ ರಾಯರು ಸಂಗೀತ ಬಲ್ಲವರು, ಆದ್ದರಿಂದ ಅವರಿಗೆ ಹಿಂಸೆ ಹೆಚ್ಚು. ಹಾಗಾಗಿ ನಾನು ತರಕಾರಿಗೆ, ಔಷಧದ ಅಂಗಡಿಗೆ, ಬ್ಯಾಂಕಿಗೆ ಎಲ್ಲಿಗೆ ಹೋದರೂ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ, ಹೊರಗೆ ಕಟ್ಟಿ, ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ನಮ್ಮೂರಿನಲ್ಲಿ ಇದು ಹೊಸ ದೃಶ್ಯ. ಇಲ್ಲಿನ ನಾಯಿಗಳು ಬೀದಿಯವು, ಅವಕ್ಕೆ ಯಾವ ಅಂಗಡಿಯ ಮುಂದೆ ಯಾವಾಗ ಮಲಗಬೇಕೆಂಬುದು ಗೊತ್ತು. ಹಗ್ಗ ಹಾಕಿಸಿಕೊಂಡು ಕಂಬಕ್ಕೆ ಅಂಟಿಕೊಂಡಿರುವ ಹುರುಳಿಯನ್ನು ಅವು ಒಂದು ಸುತ್ತು ಹಾಕಿ, ಮೂಸಿ, ಕನಿಕರಪಟ್ಟು ಮುಂದೆ ಹೋಗುತ್ತಿದ್ದವು. ಜನರೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು, ಮೂಸುವುದೊಂದನ್ನು ಬಿಟ್ಟು.

ಕನ್ನಡದಲ್ಲಿ ಈ 'ಕಟ್ಟು' ಎಂಬ ಮಾತು ಎಷ್ಟು ಕಡೆ ದುಡಿಯುತ್ತದೆ ನೋಡಿ. ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತಾರೆ, ಬುತ್ತಿ ಕಟ್ಟುತ್ತೇವೆ, ಕರೆಂಟ್ ಬಿಲ್ಲು ಕಟ್ಟುತ್ತೇವೆ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ. ಬೇಳೆ ಬೇಯಿಸಿ ಬಸಿದ ನೀರೂ ಕಟ್ಟೇ. ನಾಯಿ ಕಟ್ಟಿ, ಬಿಲ್ಲು ಕಟ್ಟಿ, ಕಟ್ಟಿದ ಹೂವು ಕೊಂಡು ಮನೆಗೆ ಬರುವ ನನ್ನ ಬೆಳಗುಗಳನ್ನು ನೆನೆದರೆ, ಭಾಷೆಗೆ ಬೇರೆ ಕ್ರಿಯಾಪದದ ಅಗತ್ಯವೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಈ ಎಲ್ಲ ಕಟ್ಟುವಿಕೆಯಲ್ಲೂ ಕಟ್ಟಿದವರು ಹತ್ತಿರವೇ ಇರುತ್ತಾರೆ. ನಾಯಿಯನ್ನು ಮಾತ್ರ ನಾವು ಕಟ್ಟಿ, ಹೋಗುತ್ತೇವೆ.

ಪದ್ದುವಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ.

"ಅಕ್ಕ, ಹಂಗೆ ಬೀದೀಲಿ ಕಟ್ಟಿ ಹೋಗ್ಬೇಡ ಕಣೇ. ಯಾರಾದ್ರೂ ಬಿಚ್ಕೊಂಡು ಹೋದ್ರೆ?" ಅನ್ನುತ್ತಿದ್ದಳು.

"ನನ್ನ ಗಂಟನ್ನ ಬಿಚ್ಚೋರು ಇನ್ನೂ ಹುಟ್ಟಿಲ್ಲ."

"ಇಲ್ಲ, ಬೇರೆ ನಾಯಿಗಳು ಮೇಲೆ ಬಿದ್ರೆ? ಇದು ಓಡೋಕೂ ಆಗಲ್ಲ."

"ಐದು ನಿಮಿಷದ ಕೆಲಸ ಕಣೇ," ಅನ್ನುತ್ತಿದ್ದೆ ನಾನು.

ಹುರುಳಿಗೂ ಅದನ್ನೇ ಹೇಳುತ್ತಿದ್ದೆ. ಬ್ಯಾಂಕಿನ ಮುಂದಿನ ಕಂಬಕ್ಕೆ ಹಗ್ಗ ಸುತ್ತಿ, ತಲೆ ಸವರಿ, "ಐದೇ ನಿಮಿಷ ಕಣಮ್ಮ, ಬಂದ್ಬಿಡ್ತೀನಿ." ಕಚೇರಿಯಲ್ಲಿ ಸಹ ಮೂವತ್ತು ವರ್ಷ ಇದೇ ಮಾತನ್ನು ಜನರಿಗೆ ಹೇಳಿದವಳು ನಾನು. ಐದು ನಿಮಿಷ ಹೊರಗೆ ಕೂತಿರಿ, ಕರೀತೀನಿ. ಅವರು ಬೆಂಚಿನ ಮೇಲೆ ಕೂತು ಏನು ಮಾಡುತ್ತಿದ್ದರೆಂದು ಎದ್ದು ಹೋಗಿ ನೋಡಿದ ನೆನಪು ನನಗಿಲ್ಲ.

ಆ ಕಂಬದ ಬುಡದಲ್ಲಿ ಒಬ್ಬಾಕೆ ಬುಟ್ಟಿ ಇಟ್ಟುಕೊಂಡು ಹೂವು ಮಾರುತ್ತಿದ್ದರು. ಅರವತ್ತರ ಆಸುಪಾಸಿನವರು, ಅರ್ಧ ಕನ್ನಡ, ಅರ್ಧ ತೆಲುಗು. ಒಂದೂವರೆ ವರ್ಷದಿಂದ ಅವರ ಬಳಿಯೇ ಹೂವು ಕೊಳ್ಳುತ್ತಿದ್ದೆ. "ಸ್ವಲ್ಪ ನೋಡ್ಕೊಂಡಿರಿ ಹೂವಮ್ಮ" ಎಂದು ಬಾಯಿಮಾತಿಗೆ ಹೇಳುತ್ತಿದ್ದೆ. ಅವರು ತಲೆಯೆತ್ತದೆ "ಊಂ" ಅನ್ನುತ್ತಿದ್ದರು. ಹೊರಗೆ ಬಂದರೆ ಹುರುಳಿ ಮೈಯೆಲ್ಲ ಬಾಲವಾಗಿ ಕುಣಿಯುತ್ತಿದ್ದಳು. ಎಷ್ಟು ಸಂತೋಷವಾಗಿದ್ದಾಳೆ, ಸುಮ್ಮನೆ ಪದ್ದು ಚಿಂತೆ ಮಾಡುತ್ತಾಳೆ ಅಂದುಕೊಂಡು ನಾನು ಗಂಟು ಬಿಚ್ಚುತ್ತಿದ್ದೆ.

ಹೋದ ನವೆಂಬರಿನ ಒಂದು ಶನಿವಾರ. ಪಿಂಚಣಿದಾರರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ, ತಾವಿನ್ನೂ ಬದುಕಿದ್ದೇವೆಂದು ತೋರಿಸಿಕೊಟ್ಟು ಬರಬೇಕು. ಹುರುಳಿಯನ್ನು ಕಟ್ಟಿ ಒಳಗೆ ಹೋದೆ. ಬೆರಳಿಡುವ ಯಂತ್ರ ನನ್ನನ್ನು ಗುರುತಿಸಲಿಲ್ಲ. ಎಡಗೈ, ಬಲಗೈ, ಹೆಬ್ಬೆರಳು, ತೋರುಬೆರಳು ಎಲ್ಲ ಆಯಿತು. ಲಾಡಿ ಎಳೆದೆಳೆದು ಬೆರಳಿನ ಗೆರೆಗಳು ಸವೆದಿದ್ದವೋ ಏನೋ. "ಕೈ ತೊಳ್ಕೊಂಡು ಬನ್ನಿ ಮೇಡಂ, ಸ್ವಲ್ಪ ಹೊತ್ತು ಬಿಟ್ಟು ಟ್ರೈ ಮಾಡೋಣ" ಅಂದಳು ಕೌಂಟರಿನ ಹುಡುಗಿ. ಮೂರನೆಯ ಸಲಕ್ಕೆ ಯಂತ್ರ ನಾನು ಜೀವಂತ ಎಂದು ಒಪ್ಪಿಕೊಂಡಿತು. ಹೊತ್ತು ಹನ್ನೊಂದೂವರೆ ದಾಟಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ನನ್ನ ಜೊತೆ ಕೆಲಸ ಮಾಡಿದ್ದ ಶಾರದ. ಅವಳೂ ಜೀವಂತ ಇರುವುದನ್ನು ತೋರಿಸಲು ಬಂದಿದ್ದಳು. ನಾಲ್ಕು ವರ್ಷದ ಮಾತು ಬಾಕಿ ಇತ್ತು. ಅವಳ ಮಂಡಿನೋವು, ನನ್ನ ಬಿ.ಪಿ., ಸಾಹೇಬರು ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ ಸುದ್ದಿ. ಮಾತಾಡುತ್ತಲೇ ಬ್ಯಾಂಕಿನ ಪಕ್ಕದ ಬಾಗಿಲಿನಿಂದ ಓಣಿಗೆ ಇಳಿದೆವು. ಅಲ್ಲಿ ಅವಳ ಗಂಡ ಕಾರು ನಿಲ್ಲಿಸಿಕೊಂಡಿದ್ದರು. "ಬಾರೆ, ನಿಮ್ಮನೆ ಮೇಲೇ ಹೋಗ್ತೀವಿ" ಅಂದಳು ಶಾರದ. ನಾನು ಹತ್ತಿ ಕೂತೆ.

ಮನೆಗೆ ಬಂದು ಕುಕ್ಕರ್ ಇಟ್ಟೆ. ಸಾರಿಗೆ ಒಗ್ಗರಣೆ ಹಾಕಿದೆ. ಶಾರದ ಹೇಳಿದ ಯಾವುದೋ ಮಾತಿಗೆ ಒಬ್ಬಳೇ ನಕ್ಕೆ. ಮನೆ ಯಾಕೋ ಪ್ರಶಾಂತವಾಗಿದೆ ಅನ್ನಿಸಿತು. ಅದು ಹಿತವಾಗಿಯೂ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹಾಗೆಯೇ.

ಶನಿವಾರ ಬೆಳಗಿನ ಶಾಲೆ. ಅಲ್ಲಿ ಇನ್ನೇನೋ ಬರೆಯುವ ಕೆಲಸವಿದ್ದು ಪದ್ದು ಒಂದೂವರೆಗೆ ಬಂದಳು. ಗೇಟಿನ ಸದ್ದಾಯಿತು. ಅದರ ಹಿಂದೆಯೇ ಕೇಳಬೇಕಾದ ಇನ್ನೊಂದು ಸದ್ದು ಕೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಪದ್ದು ಕೇಳಿದಳು, "ಅಕ್ಕ, ಹುರುಳಿ ಎಲ್ಲಿ?"

"ಇಲ್ಲೇ ಎಲ್ಲೋ ಮಲಗಿರ್ಬೇಕು" ಅಂದೆ. ಅಂದವಳೇ ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

ಪದ್ದು ನನ್ನ ಮುಖ ನೋಡಿದಳು. ಟೀಚರ ಕಣ್ಣಿಗೆ ತಪ್ಪು ಮಾಡಿದ ಮುಖ ಬೇಗ ಗೊತ್ತಾಗುತ್ತದೆ. "ಎಲ್ಲಿ ಬಿಟ್ಟೆ?" ಎಂದು ಮಾತ್ರ ಕೇಳಿದಳು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. ಸ್ಕೂಟರಿನಲ್ಲಿ ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳಕ್ಕೆ ಎದುರು ಮಾತಾಡಬಹುದು, ಅವಳ ಆ ನೆಟ್ಟಗಿನ ಬೆನ್ನಿಗೆ ಏನು ಹೇಳುವುದು.

ಕಂಬದ ಬಳಿ ಯಾರೂ ಇರಲಿಲ್ಲ. ನಾಯಿ ಇಲ್ಲ, ಹಗ್ಗ ಇಲ್ಲ, ಹೂವಿನ ಬುಟ್ಟಿಯೂ ಇಲ್ಲ. ಬ್ಯಾಂಕಿನ ಮುಂದೆ ಬಿಸಿಲು ಬಿದ್ದಿತ್ತು. ಬೆಳಗ್ಗೆ ನಾನು ಕಟ್ಟುವಾಗ ಅಲ್ಲಿ ನೆರಳಿತ್ತು. ನೆರಳು ಸರಿಯುತ್ತದೆ, ಕಟ್ಟಿದ ನಾಯಿ ಅದರ ಜೊತೆ ಸರಿಯಲಾರದು ಎಂಬುದು ನನಗೆ ಹೊಳೆದದ್ದೇ ಆಗ.

ರಸ್ತೆಯ ಆಚೆ ಎಳನೀರು ಮಾರುವವನು ನಮ್ಮನ್ನು ನೋಡಿ ತಾನೇ ಕೈಬೀಸಿ ಕರೆದ.

"ನಾಯಿ ಮೇಡಮ್ಮೋರು ನೀವೇ ಅಲ್ವ? ನಾಯೀನ ವೆಂಕಟಲಕ್ಷ್ಮಮ್ಮ ಕರ್ಕೊಂಡೋದ್ರು. ನೀವು ಬಂದ್ರೆ ಹೇಳು ಅಂದಿದ್ರು."

"ಯಾರಪ್ಪ ವೆಂಕಟಲಕ್ಷ್ಮಮ್ಮ?"

ಅವನು ಕಂಬದ ಬುಡದ ಕಡೆ ಕೈ ತೋರಿಸಿದ. "ಹೂವಿನೋರು ಮೇಡಂ. ನೀವು ದಿನಾ ಹೂ ತಗೋತೀರಲ್ಲ, ಅವರೇ. ಮುರುಗಮಲ್ಲದೋರು. ಒಂದು ಗಂಟೆಗೆ ಅವರ ಊರಿನ ಟೆಂಪೋ ಹೊರಟುಬಿಡುತ್ತೆ. ನೀವು ಬರ್ತೀರ ಅಂತ ಕಾದ್ರು, ಬ್ಯಾಂಕ್ ಒಳಗೂ ಹೋಗಿ ಕೇಳಿದ್ರು. ಬಿಚ್ಚಿ ಬಿಟ್ರೆ ಗಾಡಿಗೆ ಸಿಕ್ಕುತ್ತೆ, ಕಟ್ಟಿ ಹೋದ್ರೆ ಬೀದಿನಾಯಿಗಳು ಬಿಡಲ್ಲ ಅಂತ ಟೆಂಪೋದಲ್ಲಿ ಕೂರಿಸ್ಕೊಂಡೋದ್ರು. ಆ ಗಂಟು ಬಿಚ್ಚೋಕೆ ಮಾತ್ರ ಆಗ್ಲಿಲ್ಲ. ನಾನೇ ಮಚ್ಚಲ್ಲಿ ಹಗ್ಗ ಕೊಯ್ದೆ."

ಪದ್ದು ಸ್ಕೂಟರನ್ನು ಮುರುಗಮಲ್ಲದ ಕಡೆ ತಿರುಗಿಸಿದಳು.

ಮುರುಗಮಲ್ಲದಲ್ಲಿ ದರ್ಗಾಕ್ಕೆ ಬಂದವರ ಗದ್ದಲ. ಬೀದಿಯ ಮೂಲೆಯಲ್ಲಿದ್ದ ಸಿಹಿ ಅಂಗಡಿಯವರನ್ನು ಕೇಳಿದೆವು, ಹೂವಿನ ವೆಂಕಟಲಕ್ಷ್ಮಮ್ಮನ ಮನೆ ಎಲ್ಲಿ ಎಂದು. "ಈಗ ನಾಯಿ ಹಿಡ್ಕೊಂಡು ಬಂದ್ರಲ್ಲ, ಅವರದಾ?" ಎಂದು ದಾರಿ ತೋರಿಸಿದರು. ಊರಿಗೆಲ್ಲ ಸುದ್ದಿಯಾಗಿತ್ತು.

ಮನೆಯ ಮುಂದೆ ಹೊಂಗೆಮರ. ಅದರ ಕೆಳಗೆ ಆಕೆ ಚಾಪೆಯ ಮೇಲೆ ಕಾಲು ಚಾಚಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಪಕ್ಕದಲ್ಲಿ ಹುರುಳಿ. ಮುಂದೆ ಒಂದು ಬೋಗುಣಿ ನೀರು. ಕೊರಳಲ್ಲಿ ಕೊಯ್ದ ಹಗ್ಗದ ಗೇಣುದ್ದ ತುಂಡು ಜೋತಾಡುತ್ತಿತ್ತು, ಯಾವುದಕ್ಕೂ ಕಟ್ಟಿರಲಿಲ್ಲ.

ಸ್ಕೂಟರಿನ ಸದ್ದಿಗೆ ಹುರುಳಿ ಚಂಗನೆ ಎದ್ದಳು. ಆಕೆ ಹೂವಿನಿಂದ ಕಣ್ಣು ತೆಗೆಯದೆ, "ಉಂಡು, ಕೂರ್ಚೋ" ಅಂದರು, ಇರು, ಕೂತ್ಕೋ ಎಂದು ತೆಲುಗಿನಲ್ಲಿ. ಹುರುಳಿ ಕೂತಳು. ನಾನೂ ಪದ್ದುವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಿಸ್ಕತ್ತು ತೋರಿಸಿ, ಗದರಿಸಿ, ಗೋಗರೆದು ನಾವು ಎಷ್ಟು ಹೇಳಿದರೂ ಒಂದು ದಿನವೂ ಕೂರದ ನಾಯಿ. ಒಂದೂವರೆ ವರ್ಷದಿಂದ ಬ್ಯಾಂಕಿನ ಮುಂದೆ ಅವಳು ತೆಲುಗು ಕಲಿಯುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲ.

"ಹೋಗು, ನಿಮ್ಮೋರು ಬಂದ್ರು" ಎಂದು ಆಕೆ ಹೇಳಿದ್ದೇ ತಡ, ಹುರುಳಿ ಓಡಿಬಂದು ಪದ್ದುವಿನ ಮೇಲೆ ಹಾರಿದಳು. ಆಮೇಲೆ ನನ್ನ ಮೇಲೆ. ದಿನದ ಕುಣಿತವೇ, ಅದರಲ್ಲಿ ಒಂದು ಹೆಜ್ಜೆಯೂ ಕಡಿಮೆ ಇರಲಿಲ್ಲ. ಅವಳು ನನ್ನನ್ನು ಕ್ಷಮಿಸಿದಳು ಅನ್ನಲಾರೆ. ಕ್ಷಮಿಸಬೇಕಾದರೆ ಮೊದಲು ತಪ್ಪು ಕಾಣಬೇಕು, ಅದು ಅವಳಿಗೆ ಕಂಡಂತಿರಲಿಲ್ಲ. ನಾನು ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಅಳ್ಬೇಡಿ ಅಮ್ಮಾ" ಅಂದರು ವೆಂಕಟಲಕ್ಷ್ಮಮ್ಮ. "ವಯಸ್ಸಾದ್ಮೇಲೆ ಮರೆವು ಇದ್ದಿದ್ದೇ. ನಾನು ಒಲೆ ಮೇಲೆ ಹಾಲಿಟ್ಟು ಪಕ್ಕದ ಊರಿಗೆ ಹೋಗಿದ್ದೀನಿ."

"ಇಷ್ಟು ಹೊತ್ತು ಅಳ್ತಾ ಇತ್ತಾ ಇದು?" ಎಂದು ಪದ್ದು ಕೇಳಿದಳು.

"ಅಳಲ್ಲಮ್ಮಾ. ಯಾವತ್ತೂ ಅಳಲ್ಲ. ಬ್ಯಾಂಕಿನ ಬಾಗಿಲು ನೋಡ್ತಾ ಇರುತ್ತೆ. ಯಾರು ಬಾಗಿಲು ತೆಗೆದ್ರೂ ಎದ್ದು ನಿಲ್ಲುತ್ತೆ. ಇವರಲ್ಲ ಅಂತ ಗೊತ್ತಾದ್ರೆ ಕೂತ್ಕೊಳ್ಳುತ್ತೆ. ಮತ್ತೆ ಬಾಗಿಲು ತೆಗೆದ್ರೆ ಮತ್ತೆ ಎದ್ದೇಳುತ್ತೆ. ಬಿಸ್ಕತ್ತು ಹಾಕಿದ್ರೂ ನೀವು ಬರೋವರೆಗೂ ಮುಟ್ಟಲ್ಲ. ಪಾಪ, ಎದ್ದು ಕೂತು ಎದ್ದು ಕೂತು ಸುಸ್ತಾಗುತ್ತಲ್ಲ ಅಂತ ನಾನೇ ಕೂರ್ಚೋ, ಕೂರ್ಚೋ ಅಂತ ಹೇಳ್ತಾ ಇರ್ತೀನಿ."

ನಾನು ಹುರುಳಿಯ ಕೊರಳಿನ ಗಂಟನ್ನು ಬಿಚ್ಚಲು ನೋಡಿದೆ.

"ನೀವು ಬಂದೇ ಬರ್ತೀರ ಅಂತ ನನಗೆ ಗೊತ್ತಮ್ಮಾ," ಅಂದರು ಆಕೆ, ದಾರ ಎಳೆಯುತ್ತಾ. "ಆದ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಒಳಗಿನಿಂದ ಹೊರಗೆ ಬಂದಾಗ ನನಗೆ ಕಾಣುತ್ತಿದ್ದದ್ದು ಕಾಯುವುದು ಮುಗಿದ ಹುರುಳಿ. ಕಾಯುತ್ತಿರುವ ಹುರುಳಿಯನ್ನು ನಾನು ಒಂದು ದಿನವೂ ಕಂಡಿರಲಿಲ್ಲ, ಕಾಣುವಂತೆಯೂ ಇರಲಿಲ್ಲ. ಅವಳನ್ನು ಕಂಡಿದ್ದದ್ದು ಇಡೀ ಊರಿನಲ್ಲಿ ಈಕೆ ಒಬ್ಬರೇ. ಆ ಮನುಷ್ಯೆಯ ಹೆಸರನ್ನು ನಾನು ಎಳನೀರಿನವನಿಂದ ಕೇಳಿ ತಿಳಿಯಬೇಕಾಯಿತು.

ಅವರು ನಮ್ಮಿಬ್ಬರಿಗೂ ಮಜ್ಜಿಗೆ ಕೊಟ್ಟರು. ಹೊರಡುವಾಗ ಪದ್ದುವಿನ ಕೈಗೆ ಮೊಳದುದ್ದ ಕನಕಾಂಬರ ಇಟ್ಟರು. ಹುರುಳಿ ಸ್ಕೂಟರಿನಲ್ಲಿ ಪದ್ದುವಿನ ಕಾಲ ಬಳಿ ನಿಂತು ಗಾಳಿಗೆ ಮುಖ ಒಡ್ಡಿದಳು. ಅರ್ಧ ದಾರಿ ಕಳೆದ ಮೇಲೆ ಪದ್ದು, ಮನೆ ಬಿಟ್ಟಂದಿನಿಂದ ಮೊದಲ ಸಲ, ನನ್ನೊಡನೆ ಬಾಯಿಬಿಟ್ಟಳು.

"ಅಕ್ಕ, ಇನ್ಮೇಲೆ ಇಬ್ರೂ ಹೋಗಣ."

ಅಷ್ಟೇ. ಬೈಗುಳವೆಂದರೂ ಅದೇ, ಸಮಾಧಾನವೆಂದರೂ ಅದೇ.

ನಾಯಿಯನ್ನು ಹೊರಗೆ ಕಟ್ಟಿ ಹೋಗಬಹುದೇ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ ನಾನು ಹೌದು, ಇಲ್ಲ ಎಂದು ತೀರ್ಪು ಕೊಡುವುದಿಲ್ಲ. ಕಚೇರಿಯಲ್ಲಿದ್ದಾಗಲೂ ನಾನು ತೀರ್ಪು ಕೊಡುವ ಕುರ್ಚಿಯಲ್ಲಿ ಕೂತವಳಲ್ಲ. ನಮ್ಮ ಮನೆಯಲ್ಲಿ ಏನಾಗಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಪೇಟೆಯ ಕೆಲಸಗಳನ್ನೆಲ್ಲ ಪದ್ದುವಿಗೆ ಶಾಲೆ ಬೇಗ ಮುಗಿಯುವ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. ಮೂವರೂ ಹೋಗುತ್ತೇವೆ. ಒಬ್ಬರು ಒಳಗೆ ಹೋದರೆ ಒಬ್ಬರು ಹುರುಳಿಯ ಜೊತೆ ಹೊರಗೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾವು ಅಕ್ಕತಂಗಿಯರು ಪೇಟೆಗೆ ಜೊತೆಯಾಗಿ ಹೋದದ್ದು ಕಡಿಮೆ. ಅವಳಿಗೆ ಅವಳ ಕೆಲಸ, ನನಗೆ ನನ್ನದು.

ಹೋದ ವಾರ ಪದ್ದುವಿಗೆ ಔಷಧದ ಅಂಗಡಿಯಲ್ಲಿ ಹೊತ್ತಾಯಿತು. ನಾನೂ ಹುರುಳಿಯೂ ಮೆಟ್ಟಿಲ ಬಳಿ ನಿಂತಿದ್ದೆವು. ಗಾಜಿನ ಬಾಗಿಲು ತೆರೆಯಿತು, ಯಾರೋ ಮುದುಕರು ಬಂದರು. ಇಬ್ಬರೂ ಸುಮ್ಮನಾದೆವು. ಮತ್ತೆ ತೆರೆಯಿತು, ಮಗು ಎತ್ತಿಕೊಂಡ ತಾಯಿ. ಮೂರನೆಯ ಸಲ ತೆರೆದಾಗ ಪದ್ದು. ನೋಡಿಕೊಂಡರೆ ನಾನು ಕಾಲ ತುದಿಯ ಮೇಲೆ ನಿಂತಿದ್ದೆ, ಕೈ ಮೇಲೆದ್ದಿತ್ತು, ಮುಖ ಪೂರ್ತಿ ಅರಳಿತ್ತು.

"ಏನಕ್ಕ, ಹತ್ತು ವರ್ಷ ಆದ್ಮೇಲೆ ನೋಡ್ದೋಳ ಥರ ಆಡ್ತೀಯ?" ಅಂದಳು ಪದ್ದು.

ಕುಣಿತದಲ್ಲಿ ಹುರುಳಿ ನನಗಿಂತ ಅರೆಕ್ಷಣ ಹಿಂದೆ ಬಿದ್ದಿದ್ದಳು.